ಬಾತ್ಮಿ ಬಸಣ್ಣ ಹೇಳದೆ ಬಿಟ್ಟ ಮಾತು

ನಮ್ಮ ಚಿಂಚವಾಡದ ಸೊಸೈಟಿಯಲ್ಲಿ ಬಸವಪ್ರಭು ಅವರಿಗೆ ತಂದೆ-ತಾಯಿ ಇಟ್ಟ ಹೆಸರಿಗಿಂತ ನಾವು ಇಟ್ಟ ಹೆಸರೇ ಹೆಚ್ಚು ಚಾಲ್ತಿಯಲ್ಲಿತ್ತು. ಬಾತ್ಮಿ ಬಸಣ್ಣ. ಯಾವ ಸುದ್ದಿ ಯಾರ ಕಿವಿಗೆ ಬೀಳಬಾರದೋ ಅದನ್ನು ಹುಡುಕಿಕೊಂಡು ಹೋಗಿ ಅವರಿಗೇ ಮುಟ್ಟಿಸುವುದರಲ್ಲಿ ಇವರಷ್ಟು ನಿಷ್ಠೆಯ ಮನುಷ್ಯ ಪಿಂಪ್ರಿಯಿಂದ ನಿಗಡಿಯವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಎರಡನೇ ಮಹಡಿಯ ಅನುಜಾ ಟ್ಯೂಷನ್ ಎಂದು ಹೇಳಿ ಸಿನಿಮಾಕ್ಕೆ ಹೋದರೆ ಇಂಟರ್‌ವೆಲ್‌ಗೆ ಮೊದಲೇ ಅವಳ ಅಪ್ಪನಿಗೆ ಗೊತ್ತಾಗುತ್ತಿತ್ತು. ನನ್ನ ಯಜಮಾನರು ಮಾರ್ತಾಂಡರಾಯರು ಸಕ್ಕರೆ ಕಾಯಿಲೆ ಇಟ್ಟುಕೊಂಡು ಆಕುರ್ಡಿಯ ಮೂಲೆಯಲ್ಲಿ ನಿಂತು ಜಿಲೇಬಿ ತಿಂದ ಸಂಗತಿ, ಅವರು ಬಾಯಿ ಒರೆಸಿಕೊಂಡು ಮನೆ ಸೇರುವ ಮೊದಲೇ ನನ್ನನ್ನು ಸೇರಿತ್ತು. ಆವತ್ತು ಮಾತ್ರ ನನಗೆ ಬಸಣ್ಣನ ಮೇಲೆ ಸಿಟ್ಟು ಬರಲಿಲ್ಲ, ಅದು ಬೇರೆ ಮಾತು.

ಜಗಳಕ್ಕೆ ಹೋದರೆ ಅವರದು ಒಂದೇ ಉತ್ತರ. "ನಾ ಏನರ ಸುಳ್ಳು ಹೇಳೇನೇನ್ರಿ ವೈನಿ? ಇದ್ದದ್ದು ಇದ್ಹಾಂಗ ಹೇಳೀನಿ."

ಅದೇ ದೊಡ್ಡ ಪೇಚು. ಅವರು ಖಂಡಿತ ಸುಳ್ಳು ಹೇಳುತ್ತಿರಲಿಲ್ಲ. ಉಪ್ಪು-ಖಾರ ಹಚ್ಚುತ್ತಿರಲಿಲ್ಲ, ಒಂದಕ್ಕೆ ಎರಡು ಸೇರಿಸುತ್ತಿರಲಿಲ್ಲ. ಬೈಲಹೊಂಗಲದಿಂದ ಪುಣೆಗೆ ಬಂದ ದಿನದಿಂದ ಒಂದು ಸುಳ್ಳನ್ನೂ ಆಡಿಲ್ಲ ಎಂದು ಎದೆ ಸೆಟೆಸಿ ಹೇಳುತ್ತಿದ್ದರು. ಅಂಥ ಮನುಷ್ಯನನ್ನು ಯಾವ ತಪ್ಪಿಗೆ ಹಿಡಿಯುವುದು? ಅವರು ಕೆಡಿಸಿ ಬಂದದ್ದನ್ನು ಅವರ ಹೆಂಡತಿ ರಂಜನಾ ಹಿಂದಿನಿಂದ ಒಂದು ಬಟ್ಟಲು ಬದನೆಕಾಯಿ ಪಲ್ಯ ತಂದುಕೊಟ್ಟು ಸರಿಪಡಿಸುತ್ತಿದ್ದಳು. ಪಾಪ, ಆ ಹೆಣ್ಣುಮಗಳು ಎಷ್ಟು ಮನೆಗೆ ಎಷ್ಟು ಪಲ್ಯ ಹಂಚಿದಳೋ ದೇವರೇ ಬಲ್ಲ.

ಪಲ್ಯದಿಂದ ಸರಿಹೋಗದ ಒಂದು ಸಂಗತಿಯೂ ಇತ್ತು. ಬಸಣ್ಣ ಆಗ ಚಾಕಣದಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅಲ್ಲಿ ಪ್ರೆಸ್ ಮಷೀನಿನ ಮೇಲೆ ಕೃಷ್ಣಾಜಿ ಎಂಬವನಿದ್ದ. ಅಕ್ಕಲಕೋಟೆಯ ಕಡೆಯವನು, ಮನೆಯಲ್ಲಿ ಮರಾಠಿ, ಹೊರಗೆ ಬಸಣ್ಣನಂಥವರು ಸಿಕ್ಕರೆ ಕನ್ನಡ. ಈ ಕೃಷ್ಣಾಜಿ ಊಟದ ಹೊತ್ತಿಗೆ ಮಷೀನ್ ಬಿಟ್ಟು ಹಿಂದಿನ ಗೇಟಿನಿಂದ ಹೋಗಿಬಿಡುತ್ತಿದ್ದ, ತಡವಾಗಿ ಬರುತ್ತಿದ್ದ. ಅಷ್ಟು ಹೊತ್ತು ಜೊತೆಯವರು ಅವನ ಕೆಲಸ ಸಾಗಿಸುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಬಸಣ್ಣ ಮ್ಯಾನೇಜರ ಸಾಹೇಬರಿಗೆ ಹೇಳಿದರು. ಕೃಷ್ಣಾಜಿಯ ಕೆಲಸ ಹೋಯಿತು.

ಆಮೇಲೆ ತಿಳಿದದ್ದೇನೆಂದರೆ, ಅವನು ಹೋಗುತ್ತಿದ್ದದ್ದು ಆಸ್ಪತ್ರೆಗೆ. ಅವನ ಹೆಂಡತಿಗೆ ಎರಡೂ ಕಿಡ್ನಿ ಕೆಟ್ಟಿದ್ದವು, ಅವಳ ಬಾಯಿಗೆ ನಾಲ್ಕು ತುತ್ತು ಹಾಕಿ ಬರುತ್ತಿದ್ದ. ಕೆಲಸದ ಜೊತೆಗೆ ಕಾರ್ಖಾನೆಯ ಕಡೆಯಿಂದ ಸಿಗುತ್ತಿದ್ದ ಔಷಧದ ಅನುಕೂಲವೂ ಹೋಯಿತು. ಮುಂದಿನ ವರ್ಷ ಆಕೆ ತೀರಿಕೊಂಡಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಸಣ್ಣ ಕೂತ ಮೇಜಿಗೆ ಯಾರೂ ಬರದಂತಾಯಿತು. ನಾನೂ ಅವರನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿ, ನಿಮಗೆ ಏನೂ ಅನ್ನಿಸುವುದಿಲ್ಲವೇ ಎಂದು ಕೇಳಿದೆ. ಮುಖ ಸಪ್ಪಗಿತ್ತು, ಆದರೆ ಬಂದ ಉತ್ತರ ಅದೇ. ಸುಳ್ಳು ಹೇಳಿಲ್ಲವಲ್ಲ.

ಮಾತಾಡಿಸುವವರಿಲ್ಲದ ಕಡೆ ಎಷ್ಟು ದಿನ ಇರಲು ಸಾಧ್ಯ? ಸುಡಾನ್ ದೇಶದ ಖಾರ್ಟೂಮಿನಲ್ಲಿ ಗುಜರಾತಿ ಮಾಲೀಕರೊಬ್ಬರ ಹಿಟ್ಟಿನ ಗಿರಣಿಗೆ ಸ್ಟೋರ್ ಸೂಪರ್‌ವೈಸರ್ ಬೇಕೆಂದು ಗೊತ್ತಾದದ್ದೇ ತಡ, ಬಸಣ್ಣ ಹೊರಟು ನಿಂತರು. ಅವರ ತಾಯಿ ಶಿವಗಂಗವ್ವ ಒಂದು ವಾರ ಕೂತು ಜೋಳದ ರೊಟ್ಟಿ ಬಡಿದು, ಒಣಗಿಸಿ, ಖಡಕ್ ಮಾಡಿ, ಶೇಂಗಾ ಚಟ್ನಿಯ ಜೊತೆ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಸೊಸೈಟಿಗೆ ಒಂದಷ್ಟು ಕಾಲ ಶಾಂತಿ ಸಿಕ್ಕಿತು. ನಿಜ ಹೇಳಬೇಕೆಂದರೆ ನಮಗೆ ಸ್ವಲ್ಪ ಬೇಸರವೂ ಆಯಿತು, ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದೇ ತಿಳಿಯದಾಯಿತು.

ಅಲ್ಲಿ ನಡೆದದ್ದನ್ನು ಬಸಣ್ಣ ನನಗೆ ಮತ್ತು ರಂಜನಾಗೆ ಹೇಳಿದ್ದು ತಿರುಗಿ ಬಂದ ಮೇಲೆ, ಅವರ ಮನೆಯ ಗ್ಯಾಲರಿಯಲ್ಲಿ ಕೂತು. ಅದೂ ಒಂದೇ ಸಲಕ್ಕಲ್ಲ. ಒಂದಿಷ್ಟು ಹೇಳುವುದು, ಎದ್ದು ಹೋಗಿ ತುಳಸಿಗೆ ನೀರು ಹಾಕುವುದು, ಮತ್ತೆ ಬಂದು ಕೂಡುವುದು. ಮೊದಲು ಮಾತು ನಿಲ್ಲಿಸಲು ಬರದ ಮನುಷ್ಯನಿಗೆ ಈಗ ಶುರು ಮಾಡಲು ಬರುತ್ತಿರಲಿಲ್ಲ.

ಆ ದೇಶದಲ್ಲೂ ಜೋಳವೇ ಊಟವಂತೆ. ಗಿರಣಿಯಲ್ಲಿ ಮೂಟೆಗಟ್ಟಲೆ ಜೋಳ ಕಂಡು ಇವರಿಗೆ ತವರಿಗೆ ಬಂದಷ್ಟು ಸಂತೋಷ. ಅಲ್ಲಿಯವರು ಹಿಟ್ಟನ್ನು ಹುಳಿ ಬರಿಸಿ ಕಾಗದದಷ್ಟು ತೆಳ್ಳಗೆ ಹೊಯ್ಯುತ್ತಾರೆ, ಇವರು ಮಾತ್ರ ಗಿರಣಿಯ ಕೋಣೆಯಲ್ಲಿ ಹಂಚು ಇಟ್ಟುಕೊಂಡು ತಾಯಿಯ ಕೈ ನೆನಪಿಸಿಕೊಳ್ಳುತ್ತ ರೊಟ್ಟಿ ಬಡಿಯಲು ಕಲಿತರು. ಕಾವಲಿಗೆ ಇದ್ರಿಸ್ ಎಂಬ ಮುದುಕ ಇದ್ದ. ಹಿಂದೆ ಯಾವಾಗಲೋ ಸೈನ್ಯದಲ್ಲಿದ್ದವನು, ಈಗ ಒಂದು ಕಾಲು ಎಳೆದು ನಡೆಯುತ್ತಿದ್ದ. ಅವನ ಮಗಳು ಆಮ್ನಾ ಬಾಣಂತಿ. ಅವಳಿದ್ದ ಓಣಿಯಲ್ಲಿ ನೀರಿರಲಿಲ್ಲ, ಹೊಡೆದಾಟದ ಭಯವೂ ಇತ್ತು. ಹಾಗಾಗಿ ಇದ್ರಿಸ್ ಮಗಳನ್ನೂ ಅಳಿಯನನ್ನೂ ಕೂಸನ್ನೂ ಗಿರಣಿಯ ಹಿಂದಿನ ಖಾಲಿ ಗೋದಾಮಿನಲ್ಲಿ ಇಟ್ಟುಕೊಂಡಿದ್ದ. ಇದು ಗಿರಣಿಯ ನಿಯಮಕ್ಕೆ ವಿರುದ್ಧ ಎಂದು ಅವನಿಗೂ ಗೊತ್ತಿತ್ತು, ಬಸಣ್ಣನಿಗೆ ತಾನೇ ಹೇಳಿಕೊಂಡಿದ್ದ.

ಬಸಣ್ಣ ಮಾಲೀಕರಿಗೆ ಹೇಳಿದರು. ಗೋದಾಮಿನಲ್ಲಿ ಹೊರಗಿನವರು ಮಲಗುತ್ತಾರೆ ಎಂದಷ್ಟೇ. ಬಾಣಂತಿಯ ಮಾತು, ನೀರಿನ ಮಾತು ಬರಲಿಲ್ಲ. ಮಾಲೀಕರು ಹೊರಗೆ ಹಾಕಿಸಿದರು. ಮೂವರೂ ಮತ್ತೆ ಅದೇ ಓಣಿಗೆ ಹೋದರು.

ಎರಡು ಸಾವಿರದ ಇಪ್ಪತ್ಮೂರರ ಏಪ್ರಿಲ್‌ನಲ್ಲಿ, ರಮಜಾನಿನ ಕೊನೆಯ ದಿನಗಳಲ್ಲಿ, ಆ ಊರಿನಲ್ಲಿ ಯುದ್ಧ ಶುರುವಾಯಿತು. ಅದೂ ಹೊರಗಿನ ಶತ್ರುವಿನ ಜೊತೆ ಅಲ್ಲ, ಒಂದೇ ದೇಶದ ಎರಡು ಪಡೆಗಳ ನಡುವೆ. ಮಾಲೀಕರ ಮನೆಯವರು ಮೊದಲೇ ಊರು ಬಿಟ್ಟಿದ್ದರು. ಯಾರನ್ನೂ ಒಳಗೆ ಬಿಡಬೇಡ ಎಂದು ಫೋನಿನಲ್ಲಿ ಅಪ್ಪಣೆ ಬಂತು, ಆಮೇಲೆ ಫೋನೇ ನಿಂತಿತು. ಬಂದೂಕಿನವರು ಓಣಿ ಓಣಿ ಹೊಕ್ಕು ಲೂಟಿ ಮಾಡತೊಡಗಿದರು. ಎದುರು ಪಕ್ಷದ ಸೈನ್ಯದಲ್ಲಿ ಹಿಂದೆ ಎಂದಾದರೂ ಇದ್ದವನು ಎಂದು ಗೊತ್ತಾದರೆ ಎಳೆದೊಯ್ಯುತ್ತಿದ್ದರು. ಗಿರಣಿಯ ಎದುರಿಗೆ ಒಬ್ಬ ದರ್ಜಿ ಇದ್ದ, ಬಸಣ್ಣನ ಪ್ಯಾಂಟಿಗೆ ಝಿಪ್ ಹಾಕಿಕೊಟ್ಟಿದ್ದ. ಅವನೂ ಮಾಜಿ ಸಿಪಾಯಿ. ಅವನನ್ನು ಅಂಗಡಿಯ ಬಾಗಿಲಲ್ಲೇ ಹೆಂಡತಿಯ ಕಣ್ಣೆದುರು ಕೊಂದರು. ಹೆಣ ತೆಗೆಯಲು ಯಾರನ್ನೂ ಬಿಡಲಿಲ್ಲ. ಗೇಟಿನ ಸಂದಿಯಿಂದ ಅದು ಕಾಣುತ್ತಿತ್ತು, ಬಸಣ್ಣ ಅಲ್ಲಿಗೆ ಒಂದು ಗೋಣಿ ತಟ್ಟು ಕಟ್ಟಿದರು.

ಒಂದು ಮಧ್ಯಾಹ್ನ ಇದ್ರಿಸ್ ಬಂದು ಎದುರಿಗೆ ನಿಂತ. ಆಮ್ನಾಳ ಓಣಿಗೆ ಬಂದೂಕಿನವರು ನುಗ್ಗಿದ್ದರು, ಅವಳ ಗಂಡನನ್ನು ಕೊಂದಿದ್ದರು. ಅವಳು ಕೂಸನ್ನು ಎತ್ತಿಕೊಂಡು ಹಿಂದಿನ ಗೋಡೆಯ ಹತ್ತಿರ ನಿಂತಿದ್ದಾಳೆ, ಒಳಗೆ ಕರೆದುಕೊಳ್ಳಬಹುದೇ ಎಂದು ಕೇಳಿದ. ಕೇಳಿದ್ದು ಯಾರನ್ನು? ಯಾರ ಮಾತಿನಿಂದ ಅವಳು ಹೊರಗೆ ಹೋಗಿದ್ದಳೋ ಅವರನ್ನೇ. ಬೀಗದ ಕೈ ಈಗ ಇವರ ಹತ್ತಿರ ಇತ್ತು.

ಬಸಣ್ಣ ಬಾಗಿಲು ತೆಗೆದರು. ಆಮ್ನಾ ಒಳಗೆ ಬಂದವಳು ಇವರಿಗೆ ತಲೆಬಾಗಿ, ದೇವರು ನಿಮ್ಮ ಮನೆ ತಣ್ಣಗಿಡಲಿ ಎಂಬರ್ಥದ ಮಾತು ಹೇಳಿದಳಂತೆ. ಅವಳ ಕುಪ್ಪಸದ ಮೇಲಿನ ರಕ್ತ ಇನ್ನೂ ಒಣಗಿರಲಿಲ್ಲ. ಇಷ್ಟು ಹೇಳಿ ಬಸಣ್ಣ ಎದ್ದು ತುಳಸಿಗೆ ನೀರು ಹಾಕಲು ಹೋದರು. ಆಗಲೇ ಒಮ್ಮೆ ಹಾಕಿದ್ದರು, ಕುಂಡ ತುಂಬಿ ನೀರು ನೆಲಕ್ಕೆ ಹರಿಯಿತು. ರಂಜನಾ ಬಟ್ಟೆ ತಂದು ಒರೆಸಿದಳು.

ಮೂಟೆಗಳನ್ನು ಅಡ್ಡ ಜೋಡಿಸಿ ಗೋದಾಮಿನೊಳಗೆ ಹಿಂದಿನ ಮೂಲೆಯಲ್ಲಿ ಒಂದು ಗೂಡು ಮಾಡಿದರು. ಅದರೊಳಗೆ ಇದ್ರಿಸ್, ಆಮ್ನಾ, ಕೂಸು. ಆ ಕಷ್ಟದಲ್ಲೂ ಮುದುಕ ಉಪವಾಸ ಬಿಡಲಿಲ್ಲ. ಸಂಜೆ ಉಪವಾಸ ಮುರಿಯಲು ಬಸಣ್ಣ ಮಧ್ಯಾಹ್ನವೇ ರೊಟ್ಟಿ ಬಡಿದಿಡುತ್ತಿದ್ದರು. ಎಷ್ಟು ದಿನ ಹೀಗೆಯೋ ಗೊತ್ತಿಲ್ಲವಲ್ಲ, ಅದಕ್ಕೆ ಒಂದಿಷ್ಟನ್ನು ಒಣಗಿಸಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಗ್ಯಾಸು ಯಾವಾಗ ಮುಗಿಯುತ್ತದೋ ಎಂಬ ಲೆಕ್ಕಾಚಾರ ಅದು.

ಇವರು ರೊಟ್ಟಿ ಬೇಯಿಸುತ್ತಿದ್ದಾಗಲೇ ಒಂದು ದಿನ ಗೇಟು ಮುರಿದು ಬಂದೂಕಿನವರು ಬಂದರು. ಮುಂದಿನವನು ಹುಡುಗು ಮೋರೆಯ ಯುವಕ. ಇವರು ಭಾರತದವರೆಂದು ಗೊತ್ತಾಗಿ ಮೊದಲು ನಗುತ್ತಲೇ ಮಾತಾಡಿಸಿದ. ಇಲ್ಲಿ ಒಬ್ಬ ಹಳೇ ಸಿಪಾಯಿ ಕಾವಲಿಗಿದ್ದಾನಂತೆ, ಎಲ್ಲಿ ಅವನು ಎಂದ. ಆ ಓಣಿಯಲ್ಲೂ ಒಬ್ಬ ಬಾತ್ಮಿಯವನಿದ್ದನೆಂದು ಕಾಣುತ್ತದೆ, ಅವನೂ ಸುಳ್ಳು ಹೇಳಿರಲಿಲ್ಲ. ಯುವಕ ಸಮಾಧಾನದಿಂದಲೇ ಹೇಳಿದ: ಇದು ನಿನ್ನ ಜಗಳವಲ್ಲ, ಇದ್ದದ್ದು ಇದ್ದಂತೆ ಹೇಳು, ನಿಮ್ಮ ದೇಶದವರು ಸೇರಿರುವ ಕಡೆಗೆ ನಾನೇ ಗಾಡಿಯಲ್ಲಿ ಬಿಡಿಸುತ್ತೇನೆ.

"ನಾಲಿಗಿ ತುದಿಗೆ ಬಂದಿತ್ರಿ ವೈನಿ," ಎಂದರು ಬಸಣ್ಣ. "ಸುಳ್ಳ್ಯಾಕ ಹೇಳ್ಲಿ. ಜನ್ಮಪೂರ್ತಿ ಯಾರರ ಹಿಂಗ ಛಲೋತ್ನ್ಯಾಗಿ ಕೇಳಿದ್ರ ಸಾಕಿತ್ತು, ಹೇಳಿಬಿಡ್ತಿದ್ದೆ. ಆವತ್ತೂ ಬಾಯಿ ತೆರದೆ. ಆ ಹುಡುಗಿ ನನಗ ತಲಿಬಾಗಿದ್ದು ನೆನಪಾತು. ಗೊತ್ತಿಲ್ಲ ಅಂದೆ."

ಗೊತ್ತಿಲ್ಲ, ಊರಿಗೆ ಹೋದನೆಂದು ಕಾಣುತ್ತದೆ ಎಂದರಂತೆ. ಯುವಕನ ನಗು ನಿಂತಿತು. ಅವನ ಕಣ್ಣು ರೊಟ್ಟಿಯ ಕಡೆ ಹೋಯಿತು. ಹಂಚಿನ ಪಕ್ಕದಲ್ಲಿ ಒಟ್ಟಿದ ರೊಟ್ಟಿ, ಹಿಂದಿನ ಹಲಗೆಯ ಮೇಲೆ ಬಟ್ಟೆಯೊಳಗೆ ಮತ್ತಷ್ಟು. ಮೇಲಿನದು ಇನ್ನೂ ಬಿಸಿಯಿತ್ತು. ಒಬ್ಬನೇ ಇದ್ದೀ ಅನ್ನುತ್ತೀ, ಇಷ್ಟು ಯಾರಿಗೆ ಎಂದ.

ಇಲ್ಲಿ ಬಸಣ್ಣನನ್ನು ಕಾಪಾಡಿದ್ದು ಶಿವಗಂಗವ್ವ. ನಮ್ಮ ಕಡೆ ರೊಟ್ಟಿಯನ್ನು ಹೊತ್ತಿಗಷ್ಟೇ ಮಾಡುವುದಿಲ್ಲ, ತಿಂಗಳಿಗಾಗುವಷ್ಟು ಮಾಡಿ ಒಣಗಿಸಿಡುತ್ತೇವೆ ಎಂಬುದನ್ನು ಬಸಣ್ಣ ತಮ್ಮ ಹರಕು ಮುರುಕು ಅರಬ್ಬಿಯಲ್ಲಿ ವಿವರಿಸಿದರು. ಇಂದು ಮೆತ್ತಗಿರುತ್ತದೆ, ನಾಳೆ ಬಿರುಸಾಗುತ್ತದೆ, ಆಮೇಲೆ ಹೀಗಾಗುತ್ತದೆ ಎಂದು ಬಟ್ಟೆ ಬಿಚ್ಚಿ ಒಂದನ್ನು ತೆಗೆದು ಅವನ ಮುಂದೆ ಮುರಿದರು. ಹಪ್ಪಳದಂತೆ ಟಕ್ಕೆಂದಿತು. ನಮ್ಮವ್ವ ಪುಣೆಯಿಂದ ಹೀಗೇ ಕಟ್ಟಿ ಕಳಿಸುತ್ತಾಳೆ, ಯುದ್ಧ ಯಾವಾಗ ಮುಗಿಯುತ್ತದೋ ಎಂದು ಮಾಡಿಕೊಳ್ಳುತ್ತಿದ್ದೇನೆ ಎಂದರು. ಯುವಕ ಇನ್ನೊಂದನ್ನು ತಾನೇ ಮುರಿದು ನೋಡಿದ. ನಂಬಿದನೋ ಅರೆನಂಬಿದನೋ, ಬಂದೂಕಿನ ಹಿಂಬದಿಯಿಂದ ಇವರ ದವಡೆಗೆ ಹೊಡೆದು ಮತ್ತೆ ಕೇಳಿದ. ಮತ್ತೆ ಹೊಡೆದ. ಬಾಯಲ್ಲಿ ರಕ್ತ ತುಂಬಿಕೊಂಡು ಬಸಣ್ಣ ಅದೇ ಮಾತು ಹೇಳಿದರು, ಗೊತ್ತಿಲ್ಲ. ಅಷ್ಟು ಹೊತ್ತೂ ಮೂಟೆಗಳ ಹಿಂದೆ ಕೂಸು ಅಳಲಿಲ್ಲ. ಆಮ್ನಾ ಅದನ್ನು ಎದೆಗೆ ಹಚ್ಚಿಕೊಂಡಿದ್ದಳು. ಕೊನೆಗೆ ಅವರು ಗಿರಣಿಯ ಮುಂಭಾಗದಲ್ಲಿ ಕೈಗೆ ಸಿಕ್ಕಷ್ಟು ಜೋಳದ ಮೂಟೆ, ಬಸಣ್ಣನ ಗಡಿಯಾರ ತೆಗೆದುಕೊಂಡರು. ರೊಟ್ಟಿಯ ಗಂಟನ್ನೂ ಒಯ್ದರು, ಅವರಿಗೂ ಸಂಜೆ ಉಪವಾಸ ಮುರಿಯಬೇಕಿತ್ತು.

ಎಡಗಡೆಯ ಹಲ್ಲುಗಳು ಅಲ್ಲೇ ಉಳಿದವು. ಈಗ ಬಸಣ್ಣ ಖಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಾರೆ.

ಹಬ್ಬ ಕಳೆದ ಮೇಲೆ ನಮ್ಮ ದೇಶದವರನ್ನು ಬಸ್ಸುಗಳಲ್ಲಿ ಬಂದರಿಗೆ ಒಯ್ಯುತ್ತಾರೆಂಬ ಸುದ್ದಿ ಬಂತು. ಹೊರಡುವ ದಿನ ಬೆಳಿಗ್ಗೆ ಬಸಣ್ಣ ಗಿರಣಿಯ ಕೀಲಿಕೈ ಇದ್ರಿಸನ ಕೈಗಿಟ್ಟರು. ಆಗ, ನಿನ್ನ ಮಗಳನ್ನು ಆವತ್ತು ಹೊರಗೆ ಹಾಕಿಸಿದವನು ನಾನೇ ಎಂದು ಹೇಳಿಬಿಟ್ಟರು. ಇದ್ರಿಸ್‌ಗೆ ಅದು ಆವತ್ತೇ ಗೊತ್ತಿತ್ತಂತೆ. ಅವನು ಸಿಟ್ಟಾಗಲಿಲ್ಲ. ನೀವು ಸುಳ್ಳು ಹೇಳಿರಲಿಲ್ಲವಲ್ಲ, ಅವರು ಅಲ್ಲಿ ಮಲಗುತ್ತಿದ್ದದ್ದು ನಿಜವೇ ಎಂದ.

ಇಷ್ಟು ಹೇಳುವಷ್ಟರಲ್ಲಿ ಬಸಣ್ಣ ಅಳುತ್ತಿದ್ದರು. ಕಣ್ಣೀರು ಒರೆಸಿಕೊಳ್ಳದೆ ಅಳುತ್ತಿದ್ದರು. ನನಗೆ ಆಶ್ಚರ್ಯವಾಯಿತು. ಹೊಡೆತ ತಿಂದದ್ದನ್ನು ಹೇಳುವಾಗ ಅಳದ ಮನುಷ್ಯ, ಮುದುಕ ಕ್ಷಮಿಸಿದ ಮಾತಿಗೆ ಇಷ್ಟು ಯಾಕೆ ಅಳಬೇಕು?

ಪುಣೆಗೆ ಬಂದ ಬಸಣ್ಣ ಬೇರೆಯೇ ಮನುಷ್ಯರಾಗಿದ್ದರು. ಕನ್ನಡ ಸಂಘದವರು ಶಾಲು ಹೊದಿಸುತ್ತೇವೆಂದು ಬಂದರೆ ಕೈಮುಗಿದು ಕಳಿಸಿದರು. ಸೊಸೈಟಿಯಲ್ಲಿ ಯಾರದಾದರೂ ಸುದ್ದಿ ತೆಗೆದರೆ ಎದ್ದು ಹೋಗುತ್ತಿದ್ದರು. ಮಾರ್ತಾಂಡರಾಯರು ಮತ್ತೆ ನೆಮ್ಮದಿಯಿಂದ ಜಿಲೇಬಿ ತಿನ್ನತೊಡಗಿದರು. ಬಸಣ್ಣ ಮಾಡುತ್ತಿದ್ದದ್ದು ಒಂದೇ ಕೆಲಸ, ಇದ್ರಿಸನ ನಂಬರಿಗೆ ಫೋನ್ ಹಚ್ಚುವುದು. ಅದು ಹತ್ತುತ್ತಿರಲಿಲ್ಲ. ಕೀಲಿಕೈ ಕೊಟ್ಟು ಬಂದೆ, ಅವರ ಜೀವ ಉಳಿಯಿತೋ ಇಲ್ಲವೋ ಎಂಬುದೇ ಅವರಿಗೆ ಊಟಕ್ಕೆ ಕೂತಾಗಲೂ ಚಿಂತೆ.

ಒಂದು ವರ್ಷದ ಮೇಲೆ, ಯಾವುದೋ ಹೊಸ ನಂಬರಿನಿಂದ ಒಂದು ಫೋಟೋ ಬಂತು. ಹಗ್ಗದ ಮಂಚದ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಬಿಸಿಲಿಗೆ ಹರವಿದ ದುಂಡನೆಯ ಜೋಳದ ರೊಟ್ಟಿ. ಕೆಳಗೆ ಆಮ್ನಾಳ ಧ್ವನಿ ಸಂದೇಶ, ಬಸಣ್ಣ ಅರ್ಥ ಹೇಳಿದರು. ಅವರು ದೇಶದ ಮೂಡಣ ದಿಕ್ಕಿನ ಕಸ್ಸಲಾ ಎಂಬ ಊರಿನಲ್ಲಿ, ಡೇರೆಯಲ್ಲಿದ್ದಾರೆ. ಅಪ್ಪ ಇದ್ದಾನೆ. ಕೂಸು ನಡೆಯುತ್ತಿದೆ. ದಾರಿಯುದ್ದಕ್ಕೂ ಇದೇ ರೊಟ್ಟಿ ತಿಂದು ಬಂದೆವು, ನಿಮ್ಮ ತಾಯಿಗೆ ಹೇಳಿ ಎಂದಿದ್ದಳು. ಶಿವಗಂಗವ್ವನಿಗೆ ಕಣ್ಣು ಮಂಜು. ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಅಂಚು ಒಡೆದಾವ, ಹಿಟ್ಟಿಗೆ ನೀರು ಇನ್ನಷ್ಟು ಕುದಿಬೇಕು ಎಂದರು. ಎಲ್ಲರೂ ನಕ್ಕೆವು. ಬಸಣ್ಣ ನಗಲಿಲ್ಲ.

ಅವರು ನನ್ನನ್ನು ಕೇಳಿದರು, "ಇಂದೂ ವೈನಿ, ಚಾಕಣಕ್ಕ ಬರ್ತೀರೇನ್ರಿ ನನ್ನ ಜೋಡಿ? ಕೃಷ್ಣಾಜಿ ಮನಿಗೆ. ಹೆಣ್ಣಮಕ್ಕಳು ಜೋಡಿ ಇದ್ರ ಬಾಗಲದಾಗರ ನಿಂದರ್ಸ್ಯಾನು."

ರಂಜನಾ, ನಾನು, ಬಸಣ್ಣ, ಮೂವರೂ ಬಸ್ಸು ಹಿಡಿದು ಹೋದೆವು. ಕೃಷ್ಣಾಜಿ ನಾಸಿಕ ರಸ್ತೆಯ ಪಕ್ಕ, ಸಾಲುಮನೆಗಳ ಚಾಳಿನಲ್ಲಿ ಒಂದೇ ಕೋಣೆಯಲ್ಲಿದ್ದ. ಯಾವುದೋ ಗೋದಾಮಿನಲ್ಲಿ ಈಗ ಕಾವಲುಗಾರ, ಸಮವಸ್ತ್ರದಲ್ಲೇ ಇದ್ದ. ಬಸಣ್ಣನನ್ನು ನೋಡಿ ಒಂದು ಗಳಿಗೆ ಬಾಗಿಲು ಹಿಡಿದು ನಿಂತ, ಆಮೇಲೆ ನಮ್ಮಿಬ್ಬರನ್ನು ನೋಡಿ ಒಳಗೆ ಕರೆದ. ನೀರು ಕೊಟ್ಟ. ಗೋಡೆಯ ಮೇಲೆ ಹೆಂಡತಿಯ ಫೋಟೋ, ಅದಕ್ಕೆ ಅಬ್ಬಲಿಗೆಯ ಸಣ್ಣ ಮಾಲೆ.

ಬಸಣ್ಣ ಕೂಡಲಿಲ್ಲ. ನಿಂತೇ ಹೇಳಿದರು, ಸಾಹೇಬರಿಗೆ ಹೇಳಿದವನು ನಾನು ಎಂದು.

ಕೃಷ್ಣಾಜಿ ಶಾಂತವಾಗಿಯೇ ಇದ್ದ. "ಅದು ನನಗ ಆವತ್ತ ಗೊತ್ತಾಗಿತ್ರಿ. ನೀವೇನು ಸುಳ್ಳು ಹೇಳಿರಲಿಲ್ಲಲ್ಲ. ಮಷೀನ್ ಬಿಟ್ಟು ಹೋಗ್ತಿದ್ದೆ, ಖರೇ ಅದು."

ದೂರದ ದೇಶದ ಮುದುಕ ಹೇಳಿದ ಮಾತೇ ಇಲ್ಲಿಯೂ ಬಂತು. ಬಸಣ್ಣನ ಮುಖ ನೋಡಲಾಗಲಿಲ್ಲ ನನಗೆ.

"ಹೇಳಿದ್ದೆ," ಎಂದರು ಬಸಣ್ಣ. "ಸುಳ್ಳೂ ಹೇಳಿದ್ದೆ. ನಿಮ್ಮನ್ನ ದವಾಖಾನ್ಯಾಗ ನೋಡಿದ್ದೆ ನಾ, ಅಕಿ ಬಾಯಿಗೆ ತುತ್ತು ಹಾಕಲಿಕ್ಕೆ ಹತ್ತಿದ್ರಿ. ಸಾಹೇಬರು ನನ್ನ ಕೇಳಿದ್ರು, ಎಲ್ಲಿಗೆ ಹೋಗ್ತಾನ ಅವ, ಏನರ ಅಡಚಣಿ ಅದ ಏನು ಅಂತ. ಅಡಚಣಿ ಅಂದ್ರ ಬಿಟ್ಟುಬಿಡ್ತಿದ್ರು. ನನ್ನ ಮಾತಿಗೆ ಕಿಮ್ಮತ್ತು ಉಳೀತಿರಲಿಲ್ಲ. ಗೊತ್ತಿಲ್ಲ ಅಂದೆ."

ಗೊತ್ತಿಲ್ಲ. ಹಲ್ಲು ಹೋದರೂ ಬಿಡದೆ ಅವರು ಹಿಡಿದುಕೊಂಡಿದ್ದ ಮಾತು ಅದು. ಆ ಮಾತನ್ನು ಅವರು ಅಲ್ಲಿ ಕಲಿತಿರಲಿಲ್ಲ, ಇಲ್ಲಿಂದಲೇ ಒಯ್ದಿದ್ದರು. ರಂಜನಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು, ಅವಳಿಗೂ ಇದು ಗೊತ್ತಿರಲಿಲ್ಲ.

ರಸ್ತೆಯಲ್ಲಿ ಕಾರು ಹೇರಿದ ಉದ್ದನೆಯ ಟ್ರಕ್ಕುಗಳು ಹೋಗುತ್ತಿದ್ದವು. ಕೃಷ್ಣಾಜಿ ಎದ್ದು ತಲೆಯ ಮೇಲಿನ ಟೋಪಿ ತೆಗೆದು ಮೊಳೆಗೆ ಹಾಕಿದ. "ನನ್ನ ಮುಂದ ಹೇಳಿ ಏನ್ ಮಾಡ್ತೀರಿ," ಎಂದ. "ಅಕಿ ಮುಂದ ಹೇಳ್ರಿ."

ಬಸಣ್ಣ ಫೋಟೋದ ಎದುರಿಗೆ ಹೋಗಿ ನಿಂತರು. ಚಪ್ಪಲಿ ಹೊರಗೇ ಬಿಟ್ಟಿದ್ದರು, ಕೈ ಜೋಡಿಸಿದ್ದರು. ಮುರಿದ ದವಡೆಯಿಂದ ಮಾತು ನಿಧಾನವಾಗಿ ಬರುತ್ತಿತ್ತು. ಮೊದಲಿನಿಂದ ಹೇಳಿದರು, ಈ ಸಲ ಏನನ್ನೂ ಬಿಡಲಿಲ್ಲ.